ಒಂದನೇ ಚಾನೆಲ್‌ನ ದನಿ

ಗಂಟಲಿನ ಆಪರೇಷನ್ ಆದ ಮೇಲೆ ನನಗೆ ಮಾತು ವಾಪಸ್ಸು ಬಂತು, ಹಾಡು ಬರಲಿಲ್ಲ. ಥೈರಾಯ್ಡ್ ಗಡ್ಡೆ ತೆಗೆದ ಡಾಕ್ಟರು ಮೊದಲೇ ಹೇಳಿದ್ದರು, ಕೆಲವರಿಗೆ ಮೇಲಿನ ಸ್ವರ ಹೋಗುವುದುಂಟು ಎಂದು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಗಾಯ ಮಾಯ್ದ ಮೇಲೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನ ಮರೆಯಲ್ಲಿ ಮೆಲ್ಲಗೆ ದನಿ ಎತ್ತಿ ನೋಡಿದೆ. ಕೆಳಗಿನ ಸ್ವರಗಳು ಒರಟಾಗಿಯಾದರೂ ಹೊರಟವು. ಮೇಲಕ್ಕೆ ಹತ್ತುತ್ತಿದ್ದಂತೆ ದನಿ ಒಡೆದು ಬರೀ ಉಸಿರಾಯಿತು. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ.

ನನ್ನ ಗಂಡನಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಸೌಂಡ್ ಸರ್ವಿಸ್ ಅಂಗಡಿ ಇದೆ. ಮೈಕು, ಸ್ಪೀಕರ್ ಪೆಟ್ಟಿಗೆ, ಆಂಪ್ಲಿಫೈಯರ್, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಿಕ್ಸರ್. ಕೀಬೋರ್ಡ್ ನುಡಿಸುವ ಮಾಸ್ಟರೊಬ್ಬರ ಜೊತೆ ಸೇರಿ ಸಣ್ಣದೊಂದು ಆರ್ಕೆಸ್ಟ್ರಾ ತಂಡವನ್ನೂ ನಡೆಸುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಆ ತಂಡದ ಹೆಣ್ಣುದನಿ ನಾನು. ನಾವು ಒಬ್ಬರನ್ನೊಬ್ಬರು ಕಂಡದ್ದೂ ಹಾಗೆಯೇ. ನಾನು ವೇದಿಕೆಯ ಮೇಲೆ, ಅವರು ಕೆಳಗೆ ಮಿಕ್ಸರಿನ ಹಿಂದೆ. ಅವರದು ಕೋರಮಂಡಲ್‌ನ ಚಿನ್ನದ ಗಣಿ ಕ್ವಾರ್ಟರ್ಸಿನ ಮನೆ, ಮನೆಮಾತು ತಮಿಳು. ನನ್ನ ತವರು ಬಂಗಾರಪೇಟೆ ಕಡೆಯ ಹಳ್ಳಿ, ತೆಲುಗು ಬೆರೆತ ಕನ್ನಡ. ಮದುವೆಯಾದ ಮೇಲೆ ಮೂರೂ ಭಾಷೆ ಸೇರಿಸಿ ಜಗಳವಾಡುವುದನ್ನು ಕಲಿತೆವು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹಾಡು ಆಡಾಗುತ್ತದೆ, ಹೇಳು ಏಳಾಗುತ್ತದೆ.

ಕಾರ್ಯಕ್ರಮಕ್ಕೆ ಮುಂಚೆ ಪ್ರತಿಯೊಬ್ಬರ ಮೈಕನ್ನೂ ಮಿಕ್ಸರಿನಲ್ಲಿ ಹದಕ್ಕೆ ತರಬೇಕು. ಒಂದೊಂದು ಮೈಕಿಗೂ ಒಂದೊಂದು ಚಾನೆಲ್. ಒಂದನೆಯದು ಯಾವಾಗಲೂ ನನ್ನದು. ಅದರ ಕೆಳಗೆ ಅಂಟಿಸಿದ್ದ ಬಿಳಿ ಟೇಪಿನ ಮೇಲೆ ನನ್ನ ಹೆಸರಿತ್ತು. ಕೀಬೋರ್ಡಿಗೆ, ತಬಲಾಕ್ಕೆ ಅವರು ಎಷ್ಟೋ ಹೊತ್ತು ತಗೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಮಾತ್ರ ಎರಡು ಗುಂಡಿ ತಿರುಗಿಸಿ ಆಯಿತೆಂದು ಕೈಯೆತ್ತಿಬಿಡುತ್ತಿದ್ದರು.

"ಇನ್ನೊಂಚೂರು ಕೇಳ್ರೀ, ನಾನು ಸರ್ಯಾಗಿ ಆಡೇ ಇಲ್ಲ," ಅಂದರೆ, "ನಿನ್ನ ಗಂಟ್ಲು ನಂಗೊತ್ತಿಲ್ವಾ ಮಾ?" ಎನ್ನುತ್ತಿದ್ದರು. ಆಗ ಅದು ಪ್ರೀತಿಯ ಮಾತು ಅನ್ನಿಸುತ್ತಿತ್ತು.

ನಾನು ಹಾಡುವುದು ನಿಂತ ಮೇಲೆ ತಂಡಕ್ಕೆ ಬೇರೊಂದು ದನಿ ಬೇಕಾಯಿತು. ಮಾಸ್ಟರು ಬೂದಿಕೋಟೆಯಿಂದ ಒಬ್ಬಳನ್ನು ಕರೆತಂದರು. ಇಪ್ಪತ್ತು ದಾಟಿದ ಹೆಣ್ಣುಮಗಳು, ಮನೆಯಲ್ಲಿ ಹಸು ಕಟ್ಟಿದ್ದಾರೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಬಂದಿದ್ದಳು. ಅವತ್ತು ನಾನು ಅಂಗಡಿಯಲ್ಲೇ ಇದ್ದೆ. ಮೈಕಿನ ಮುಂದೆ ನಿಂತು ಒಂದು ದೇವರನಾಮದ ಪಲ್ಲವಿ ಎತ್ತಿಕೊಂಡಳು.

ನನ್ನ ಗಂಡ ಕಣ್ಣು ಮುಚ್ಚಿದರು.

ಮುಚ್ಚಿದ ಕಣ್ಣು ತೆರೆಯದೆ ಕೈಯನ್ನು ಗುಂಡಿಗಳ ಮೇಲೆ ಸವರುತ್ತಾ, ಒಂದನ್ನು ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ಅಷ್ಟೇ ಹಿಂದಕ್ಕೆ ತಂದರು. "ಇನ್ನೊಂದ್ಸಲ ಆಡಮ್ಮ," ಅಂದರು. ಆಕೆ ಹಾಡಿದಳು. "ಮೇಲಿಂದು ಒಂಚೂರು." ಅದನ್ನೂ ಹಾಡಿದಳು. ಎದುರು ಬೇಕರಿಯಿಂದ ತರಿಸಿದ್ದ ಟೀ ಕೆನೆಗಟ್ಟಿತು. ನಾನು ಸ್ಟೂಲಿನ ಮೇಲೆ ಕೂತು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಬಾಳಿದ ಗಂಡಸಿನ ಮುಖದಲ್ಲಿ ನಾನು ಕಾಣದ ಒಂದು ಶಾಂತಿ ಇತ್ತು. ಆಕೆ ಚೆಲುವೆಯಾಗಿದ್ದರೆ, ಒನಪು ವೈಯಾರ ಮಾಡಿದ್ದರೆ, ಬೈಯಲು ನನಗೊಂದು ಕಾರಣವಾದರೂ ಸಿಗುತ್ತಿತ್ತು. ಆಕೆ ಹಾಡು ಮುಗಿಸಿ ದುಪಟ್ಟಾ ತುದಿಯಿಂದ ಮೂಗು ಒರೆಸಿಕೊಂಡಳು. ನನ್ನ ಗಂಡ ಆಕೆಯನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಅವರು ನೋಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಮಾರನೆಯ ದಿನ ಒಂದನೇ ಚಾನೆಲ್‌ನ ಟೇಪು ಹೊಸದಾಗಿತ್ತು.

ಮನೆಯಲ್ಲಿ ಆಮೇಲೆ ಅದೇ ಮಾತು. ಮುದ್ದೆ ಮುರಿಯುತ್ತಾ, ಸಾರಿಗೆ ಅದ್ದುತ್ತಾ, "ಆ ಉಡುಗಿ ಎಷ್ಟು ಮೇಲಕ್ಕೆ ಓದ್ರೂ ಕೆಂಪು ಲೈಟು ಬರಲ್ಲ ಮಾ. ಅಂಗೇ ಬೆಣ್ಣೆ ತರ ಓಗ್ತದೆ," ಅನ್ನುತ್ತಿದ್ದರು. ದನಿ ಮಿತಿ ಮೀರಿ ಮಿಕ್ಸರಿಗೆ ನುಗ್ಗಿದಾಗ ಉರಿಯುವ ದೀಪ ಅದು. ನಾನು ಹಾಡುವಾಗ ಅದು ಆಗಾಗ ಉರಿಯುತ್ತಿತ್ತು ಎಂದು ನನಗೆ ಗೊತ್ತು. ಸೌಟನ್ನು ಪಾತ್ರೆಗೆ ಬಡಿದಂತೆ ಇಟ್ಟೆ. ಅವರಿಗೆ ಅದು ಕೇಳಿಸಲಿಲ್ಲ. ಹತ್ತು ವಾದ್ಯಗಳ ನಡುವೆ ಒಂದು ತಂತಿ ಸಡಿಲವಾದರೂ ಕೇಳಿಸಿಕೊಳ್ಳುವ ಕಿವಿಗೆ ಹೆಂಡತಿಯ ಸೌಟು ಕೇಳಿಸಲಿಲ್ಲ.

ಆ ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಕೇಳಿದೆ, "ನಂಗೂ ಮಿಕ್ಸರ್ ಕಲ್ಸಿ."

"ನಿಂಗ್ಯಾಕೆ?"

"ಮನೇಲಿ ಕೂತು ಬೇಜಾರು. ಆಡಕ್ಕಂತೂ ಆಗಲ್ಲ."

ಅದು ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ಆ ದನಿಗೂ ಅವರ ಕಿವಿಗೂ ನಡುವೆ ಒಂದು ಜಾಗವಿತ್ತು. ಅಲ್ಲಿ ನಾನು ಕೂರಬೇಕಿತ್ತು.

ಮಧ್ಯಾಹ್ನ ಅಂಗಡಿಗೆ ಗಿರಾಕಿಗಳು ಕಮ್ಮಿ. ಆಗ ಕಲಿಸುತ್ತಿದ್ದರು. ಮಿಕ್ಸರಿನ ಮೇಲೆ ಧೂಳು ಕೂರದಂತೆ ಹೊದಿಸಿದ್ದ ನನ್ನ ಹಳೇ ಸೀರೆಯ ತುಂಡನ್ನು ಮಡಿಸಿಟ್ಟು, "ಮೊದ್ಲು ಎಲ್ಲಾ ಕೆಳಕ್ಕೆ ಇಳ್ಸು. ಒಂದೂ ಮೇಲಿರ್ಬಾರ್ದು," ಅನ್ನುತ್ತಿದ್ದರು. "ವೈರೆಲ್ಲಾ ಸಿಕ್ಸಿ ಆದ್ಮೇಲೆ ಮಿಕ್ಸರ್ ಆನ್ ಮಾಡು, ಆಂಪ್ಲಿಫೈಯರ್ ಕೊನೇಗೆ. ಮುಚ್ಚೋವಾಗ ಉಲ್ಟಾ, ಆಂಪ್ಲಿಫೈಯರ್ ಮೊದ್ಲು. ಇಲ್ಲಾಂದ್ರೆ ಢಬ್ ಅಂದು ಸ್ಪೀಕರ್ ಓಗ್ತದೆ." ಮೈಕಿನಿಂದ ಬರುವ ದನಿಯನ್ನು ಮಿಕ್ಸರಿನೊಳಕ್ಕೆ ಎಷ್ಟು ಬಿಟ್ಟುಕೊಳ್ಳಬೇಕು ಎನ್ನುವುದಕ್ಕೆ ಮೇಲಿನ ಗೇನ್ ಗುಂಡಿ. ಒಳಬಂದದ್ದನ್ನು ಸಭೆಗೆ ಎಷ್ಟು ಕಳಿಸಬೇಕು ಎನ್ನುವುದಕ್ಕೆ ಕೆಳಗಿನ ಫೇಡರ್. ಹಾಡುವವರಿಗೆ ತಮ್ಮ ದನಿ ಕೇಳಿಸಲು ವೇದಿಕೆಯ ಮೇಲೊಂದು ಪುಟ್ಟ ಸ್ಪೀಕರ್, ಅದು ಮಾನಿಟರ್. ಅದಕ್ಕೆ ಪ್ರತ್ಯೇಕ ಗುಂಡಿ. ಅದನ್ನು ಅತಿ ಮಾಡಿದರೆ ಅದರ ದನಿ ಮತ್ತೆ ಮೈಕಿಗೆ ಹೊಕ್ಕು ಕುಯ್ಯೋ ಎಂದು ಕೂಗುತ್ತದೆ.

ನಾನು ಬೇಗ ಕಲಿತೆ. ಹೊಟ್ಟೆಕಿಚ್ಚಿಗೆ ಇಷ್ಟು ಬುದ್ಧಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾರ್ಯಕ್ರಮಗಳಿಗೆ ಅವರ ಜೊತೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ವೇದಿಕೆಯ ಮೇಲೆ ಆಕೆ, ಪಕ್ಕದಲ್ಲಿ ಇವರು, ನಡುವೆ ನಾನು. ಆದರೂ ಆಕೆ ಮೇಲಿನ ಸ್ವರಕ್ಕೆ ಹತ್ತುವಾಗ ಇವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಾನು ನನ್ನ ಗಂಟಲಿನ ಕಲೆಯನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ.

ಬಂಗಾರಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಷಷ್ಟಿಪೂರ್ತಿ. ಊಟದ ಹೊತ್ತಿಗೆ ನಮ್ಮ ಹಾಡು. ಅವತ್ತು ಬೆಳಿಗ್ಗೆ ಟೆಂಪೊಗೆ ಸ್ಪೀಕರ್ ಪೆಟ್ಟಿಗೆ ಎತ್ತುವಾಗ ಇವರಿಗೆ ಸೊಂಟ ಹಿಡಿದುಕೊಂಡಿತು. ಅಂಗಡಿ ಮುಂದಿನ ಕಟ್ಟೆಯ ಮೇಲೆ ಮಲಗಿದವರು ಏಳಲಾಗಲಿಲ್ಲ.

"ನೀನು ಓಗು," ಅಂದರು.

"ನಾನೊಬ್ಳೇನಾ?"

"ಡ್ರೈವರ್ ಪೆಟ್ಟಿಗೆ ಇಳಿಸ್ತಾನೆ. ಮಾಸ್ಟರ್ ಇರ್ತಾರೆ. ನಿಂಗೆ ಬರ್ತದೆ ಮಾ." ಆಮೇಲೆ ನೋವಿನಲ್ಲೇ ಕತ್ತೆತ್ತಿ, "ಆ ಉಡುಗಿಗೆ ಎಕೋ ಚೆನ್ನಾಗಿ ಕೊಡು," ಎಂದು ಸೇರಿಸಿದರು. ಏಳಲಾಗದ ಸ್ಥಿತಿಯಲ್ಲೂ ಅವರಿಗೆ ನೆನಪಾದದ್ದು ಅದು.

ಮಂಟಪದಲ್ಲಿ ಮೇಜಿನ ಮೇಲೆ ಮಿಕ್ಸರ್ ಇಟ್ಟು, ವೇದಿಕೆಯಿಂದ ವೈರುಗಳನ್ನು ಎಳೆದು ತಂದು, ಅಡಿಗೆಯವರು ಎಡವದಂತೆ ಜಮಖಾನದ ಕೆಳಗೆ ತೂರಿಸಿದೆವು. ಎಲ್ಲ ಫೇಡರುಗಳನ್ನೂ ಇಳಿಸಿದೆ. ಮಿಕ್ಸರ್ ಹಾಕಿದೆ. ಕೊನೆಗೆ ಆಂಪ್ಲಿಫೈಯರ್. ಢಬ್ ಎನ್ನಲಿಲ್ಲ. ನೆಂಟರೊಬ್ಬರು ಹತ್ತಿರ ಬಂದು ನನ್ನನ್ನೂ ಮಿಕ್ಸರನ್ನೂ ನೋಡಿ, "ಆಪರೇಟರ್ ಎಲ್ಲಮ್ಮಾ?" ಎಂದು ಕೇಳಿದರು. "ನಾನೇ," ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಆಕೆ ಬಂದಳು. ಬೂದಿಕೋಟೆ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಸೀರೆ ನಲುಗಿತ್ತು. "ಅಣ್ಣ ಬಂದಿಲ್ವಾ ಅಕ್ಕ?" ಅಂದಳು.

"ಸೊಂಟ ಇಡ್ಕೊಂಡದೆ. ಯಾಕೆ, ನಾನಾದ್ರೆ ಆಗಲ್ವಾ?"

"ಅಯ್ಯೋ, ಅಂಗಲ್ಲಕ್ಕ," ಎಂದು ಅವಸರದಲ್ಲಿ ವೇದಿಕೆ ಹತ್ತಿದಳು.

ಒಂದೊಂದೇ ವಾದ್ಯ ಮುಗಿಸಿ ಒಂದನೇ ಚಾನೆಲ್‌ಗೆ ಬಂದೆ. ಆ ಚಾನೆಲ್ ಒಂದನ್ನೇ ಕೇಳಲು ಒಂದು ಗುಂಡಿ ಇದೆ. ಅದನ್ನೊತ್ತಿ ಹೆಡ್‌ಫೋನ್ ಹಾಕಿಕೊಂಡೆ. ಮಂಟಪದ ಗದ್ದಲ, ಪಾತ್ರೆಗಳ ಸದ್ದು ಎಲ್ಲ ದೂರವಾಯಿತು. "ಆಡು. ಸಭೇಲಿ ಎಷ್ಟು ಜೋರಾಗಿ ಆಡ್ತೀಯೋ ಅಷ್ಟೇ ಜೋರಾಗಿ," ಅಂದೆ.

ಹಾಡಿದಳು. ನನ್ನ ಎರಡು ಕಿವಿಗಳ ನಡುವೆ, ಎಕೋ ಇಲ್ಲದೆ, ಕೀಬೋರ್ಡಿನ ಆಸರೆ ಇಲ್ಲದೆ, ಅವಳೊಬ್ಬಳೇ. ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗ ಎಲ್ಲೂ ತೊಡರಿಲ್ಲ. ಉಸಿರು ತೆಗೆದುಕೊಂಡದ್ದೂ ಹಾಡಿನ ಭಾಗವೇ ಅನ್ನಿಸುವ ಹಾಗೆ. ನಾನು ಚೆನ್ನಾಗಿದ್ದ ಕಾಲದಲ್ಲೂ ಹೀಗೆ ಹಾಡಿರಲಿಲ್ಲ. ಇಲ್ಲಿಯವರೆಗೆ ಈಕೆ ನನ್ನ ಜಾಗ ತಗೊಂಡಳು ಎಂದು ಕುದಿಯುತ್ತಿದ್ದೆ. ಆ ಜಾಗ ಮೊದಲಿನಿಂದಲೂ ಇಷ್ಟು ದೊಡ್ಡದಿತ್ತು, ನಾನು ಅದರ ಒಂದು ಮೂಲೆಯಲ್ಲಿ ಮಾತ್ರ ನಿಂತಿದ್ದೆ ಎಂದು ಹೆಡ್‌ಫೋನಿನಲ್ಲಿ ತಿಳಿಯಿತು. ಅದು ಇನ್ನೂ ಹೆಚ್ಚು ಸುಟ್ಟಿತು.

ನನ್ನ ಬೆರಳು ಆಕೆಯ ಮಾನಿಟರ್ ಗುಂಡಿಯ ಮೇಲಿತ್ತು. ಅದನ್ನು ಸ್ವಲ್ಪ ಇಳಿಸಿದರೆ ಸಾಕು. ಆಕೆಗೆ ತನ್ನ ದನಿ ಕೇಳಿಸದೆ ಶ್ರುತಿ ಜಾರುತ್ತದೆ. ಯಾರಿಗೂ ಕಾರಣ ಗೊತ್ತಾಗುವುದಿಲ್ಲ. ಹಾಗೆ ಮಾಡಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ. ಆಪರೇಟರ್ ಎಲ್ಲಿ ಎಂದು ಕೇಳಿದ ಆ ನೆಂಟರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಹಾಡು ಕೆಟ್ಟರೆ, ಹೆಂಗಸು ಕೂತಿದ್ದಕ್ಕೆ ಹೀಗಾಯಿತು ಎನ್ನುತ್ತಿದ್ದರು.

ಆಕೆ ಹಾಡು ನಿಲ್ಲಿಸಿ, ವೇದಿಕೆಯಿಂದ ಇಳಿದು ನನ್ನ ಹತ್ತಿರ ಬಂದಳು. "ಅಕ್ಕ, ಒಂದು ಮಾತು. ಅಣ್ಣನಿಗೆ ಏಳ್ಬೇಡಿ."

"ಏನು?"

"ಅಣ್ಣ ಬಾಳ ಎಕೋ ಕೊಡ್ತಾರೆ. ವೇದಿಕೆ ಮೇಲಿರೋ ಸ್ಪೀಕರ್‌ಗೂ ಅದೇ ಎಕೋ ಬತ್ತದೆ. ನಾನು ಆಡಿದ್ದು ಮುಗ್ದು ಓದ್ಮೇಲೂ ಯಾರೋ ಇಂದೆ ಆಡ್ತಾವ್ರೆ ಅನ್ಸ್ತದೆ. ನನ್ನ ದನಿ ನಂಗೇ ಸಿಕ್ಕಲ್ಲ. ಕೇಳಕ್ಕೆ ಭಯ, ಅಷ್ಟು ಅಕ್ಕರೆಯಿಂದ ಮಾಡ್ತಾರೆ."

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅದೇ ಎಕೋವನ್ನು ನಾನೂ ವರ್ಷಗಟ್ಟಲೆ ಸಹಿಸಿದ್ದೆ. ನನ್ನ ಗಂಟಲು ಅವರಿಗೆ ಗೊತ್ತು ಎಂಬ ನಂಬಿಕೆಯಲ್ಲಿ ನಾನು ಕಮ್ಮಿ ಮಾಡಿ ಎಂದು ಕೇಳಿರಲೇ ಇಲ್ಲ. ಕೆಳಗೆ ಕೂತು ಕೇಳುವವರಿಗೆ ಇಂಪು ಬೇಕು, ಮೇಲೆ ನಿಂತು ಹಾಡುವವರಿಗೆ ನಿಜ ಬೇಕು. ಇದನ್ನು ಮೇಲೆ ನಿಂತವರಷ್ಟೇ ಬಲ್ಲರು.

"ಓಗಿ ನಿಂತ್ಕೋ," ಅಂದೆ. ಮಾನಿಟರಿಗೆ ಹೋಗುತ್ತಿದ್ದ ಎಕೋವನ್ನು ಪೂರ್ತಿ ತೆಗೆದೆ. ಆಕೆಯ ಬರೀ ದನಿಯನ್ನು ಅದಕ್ಕೆ ಮೆಲ್ಲಮೆಲ್ಲಗೆ ಏರಿಸಿದೆ. ಕೂಗುವ ಹಂತಕ್ಕೆ ಬಂದಾಗ ತುಸು ಹಿಂದಕ್ಕೆ ತಂದೆ. ಗಾಳಿಯ ಗುಮ್ಮೆನ್ನುವ ಸದ್ದು ಕತ್ತರಿಸುವ ಗುಂಡಿ ಒತ್ತಿದೆ. ನಡುವಿನ ಸ್ವರಗಳಲ್ಲಿ ಕೊಡದೊಳಗೆ ಮಾತಾಡಿದಂತಿದ್ದ ಮಂಕನ್ನು ಸ್ವಲ್ಪ ತೆಗೆದೆ. ಸಭೆಯ ಕಡೆಗೆ ಎಕೋ ಒಂದು ಚಿಟಿಕೆ.

ಆಕೆ ಪಲ್ಲವಿ ಎತ್ತಿಕೊಂಡು ಅರ್ಧಕ್ಕೇ ನಿಂತಳು. "ಅಕ್ಕ! ಕೇಳಿಸ್ತದೆ!"

ಅವತ್ತು ಆಕೆ ಹಾಡಿದ ಹಾಗೆ ನಾನು ಅದುವರೆಗೆ ಕೇಳಿರಲಿಲ್ಲ. ಊಟಕ್ಕೆ ಎದ್ದವರು ಎಲೆ ಹಿಡಿಯುವುದು ಬಿಟ್ಟು ಬಾಗಿಲಲ್ಲಿ ನಿಂತರು. ಅರವತ್ತು ತುಂಬಿದ ಯಜಮಾನರ ಹೆಂಡತಿ ವೇದಿಕೆಗೇ ಹೋಗಿ, ತಮ್ಮ ಮುಡಿಯ ಹೂವು ಮುರಿದು ಆಕೆಗೆ ಮುಡಿಸಿದರು. ಕಂಬಕ್ಕೆ ಒರಗಿದ್ದ ನೆಂಟರು ಕಣ್ಣೊರೆಸಿಕೊಂಡರು. ಮಿಕ್ಸರಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ನನ್ನ ಎದುರಾಳಿಯನ್ನು ನಾನೇ ಕೈಯಾರೆ ಎತ್ತಿ ಮೇಲಿಟ್ಟಿದ್ದೆ. ಎದೆಯುಬ್ಬಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತವೆಂದು ಆಗಲೇ ಗೊತ್ತಾದದ್ದು.

ಸಂಜೆ ಮನೆಗೆ ಬಂದಾಗ ಇವರು ಗೋಡೆಗೆ ದಿಂಬು ಕೊಟ್ಟು ಕೂತು ಮೊಬೈಲ್ ಕಿವಿಗಿಟ್ಟುಕೊಂಡಿದ್ದರು. ಮಾಸ್ಟರು ಹಾಡಿನ ತುಣುಕು ಕಳಿಸಿದ್ದರಂತೆ. ಎರಡು ಸಲ ಕೇಳಿದರು. ಮುಖದಲ್ಲಿ ಶಾಂತಿಯೇನೂ ಇರಲಿಲ್ಲ.

"ಎಕೋ ಎಲ್ಲಿ?" ಅಂದರು.

"ತೆಗ್ದೆ."

"ಯಾಕೆ?"

"ಅವ್ಳಿಗೆ ಬೇಡ್ವಂತೆ."

"ನಂಗೆ ಒಂದಿನಾನೂ ಏಳ್ಲಿಲ್ವಲ್ಲ?"

ಅವರು ಹಾಡನ್ನು ಇನ್ನೊಂದು ಸಲ ಹಾಕಿ ಕೇಳಿದರು. "ಚೆನ್ನಾಗದೆ," ಎಂದು ಮೊಬೈಲನ್ನು ಮಗುಚಿಟ್ಟರು. ಅವರ ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು. ಅಷ್ಟು ದಿನ ನನ್ನೊಳಗೆ ಮಾತಾಡುತ್ತಿದ್ದ ದನಿಯೇ ಅದು.

ಇವರ ಸೊಂಟ ವಾಸಿಯಾದ ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಆಕೆ ಫೋನ್ ಮಾಡಿ ಕೇಳಿದ ಮೊದಲ ಮಾತು, "ಅಕ್ಕ ಬತ್ತಾರಾ?" ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಆಮೇಲೆ ನಾನು ಮಿಕ್ಸರಿನ ಮುಂದೆ ಕೂತಾಗಲೆಲ್ಲ ಹಿಂದೆ ನಿಂತು, ಲೋ ಎನ್ನುವ ತಗ್ಗಿನ ದಪ್ಪ ದನಿ ಜಾಸ್ತಿಯಾಯಿತು, ತಬಲಾ ಕಮ್ಮಿಯಾಯಿತು, ಎಂದು ತಪ್ಪು ಹುಡುಕುವುದು ಶುರುವಾಯಿತು. ಒಂದು ದಿನ ಅಂಗಡಿಯಲ್ಲಿ ನನ್ನ ಸಹನೆ ಮುಗಿಯಿತು.

"ಅವ್ಳು ಆಡೋವಾಗ ಕಣ್ಣು ಮುಚ್ಕೊಂಡು ಕೇಳ್ತೀರಲ್ಲ, ನನ್ನಾಡು ಯಾಕೆ ಒಂದಿನಾನೂ ಅಂಗೆ ಕೇಳ್ಲಿಲ್ಲ?"

ಅವರು ವೈರು ಸುತ್ತುತ್ತಿದ್ದ ಕೈ ನಿಲ್ಲಿಸಿದರು. "ನೀನು ಯಾವಾಗ್ಲೂ ಆಡ್ತಾನೇ ಇರ್ತೀಯ ಅಂದ್ಕೊಂಡಿದ್ದೆ ಮಾ," ಅಂದರು.

ಅದಕ್ಕೆ ಅಳಬೇಕಿತ್ತೋ ಬೈಯಬೇಕಿತ್ತೋ ತಿಳಿಯಲಿಲ್ಲ. ಉತ್ತರದಿಂದ ನನಗೆ ಸಮಾಧಾನವಾಗಲೂ ಇಲ್ಲ. ಆದರೆ ಮರುದಿನದಿಂದ ಅವರು ಸ್ಪೀಕರು, ಆಂಪ್ಲಿಫೈಯರುಗಳನ್ನು ನೋಡಿಕೊಂಡು ಮಿಕ್ಸರನ್ನು ನನಗೆ ಬಿಟ್ಟರು. ಬಾಯಿ ಮಾತ್ರ ಬಿಡಲಿಲ್ಲ.

ಹೀಗೆ ಎರಡು ಮದುವೆ ಸೀಸನ್ ಕಳೆದವು. ಹೋದ ವರ್ಷ ಕೋಲಾರದ ದೊಡ್ಡ ತಂಡದವರು ಆಕೆಯನ್ನು ಕರೆದರು. ಹೇಳಲು ಸಿಹಿ ಕಟ್ಟಿಸಿಕೊಂಡು ಅಂಗಡಿಗೆ ಬಂದಳು. ಕೊನೆಗೂ ಇವಳು ಹೋಗುತ್ತಾಳೆ ಎಂದು ಒಂದು ಕ್ಷಣ ಮೈ ಹಗುರಾಯಿತು. ಮರುಕ್ಷಣ ನನ್ನ ಬಾಯಿಂದ ಬಂದ ಮಾತೇ ಬೇರೆ.

"ಅಲ್ಲಿ ಮಿಕ್ಸರ್ ಅತ್ರ ಯಾರು ಕೂರ್ತಾರೆ?"

"ಗೊತ್ತಿಲ್ಲ ಅಕ್ಕ. ಯಾರೋ ಒಬ್ರು ಇರ್ತಾರಂತೆ."

ಆ ಯಾರೋ ಒಬ್ಬರು ಅವತ್ತಿನಿಂದ ನನ್ನ ತಲೆಯಲ್ಲಿ ಮನೆ ಮಾಡಿದರು. ಆಕೆ ಜೋರಾಗಿ ಹಾಡುವ ಮುಂಚೆ ಮೈಕನ್ನು ತುಸು ದೂರ ಹಿಡಿಯುತ್ತಾಳೆ, ಆಗ ಫೇಡರ್ ಮುಟ್ಟಬಾರದು. ಇದು ಅವರಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಅವಳ ಹಾಡು ಕೆಡುತ್ತದೆ. ಗೊತ್ತಿದ್ದರೆ, ಅದು ಇನ್ನೂ ಕೆಟ್ಟದ್ದು.

ಆ ತಂಡದ ಜೊತೆ ಆಕೆಯ ಮೊದಲ ಕಾರ್ಯಕ್ರಮಕ್ಕೆ ನಾವಿಬ್ಬರೂ ಕೋಲಾರಕ್ಕೆ ಹೋದೆವು. ಜನರ ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಮಿಕ್ಸರ್ ನೋಡಿಕೊಳ್ಳುತ್ತಿದ್ದವನು ಕನ್ನಡಕದ ಒಬ್ಬ ಗಂಡಸು, ಕೈಯಲ್ಲಿ ಟ್ಯಾಬ್ ಹಿಡಿದು ಸಭೆಯ ನಡುವೆ ಓಡಾಡುತ್ತಾ ಅದರಲ್ಲೇ ಎಲ್ಲವನ್ನೂ ಸರಿಮಾಡುತ್ತಿದ್ದ. ತಪ್ಪು ಹುಡುಕಲು ಕಿವಿ ನೆಟ್ಟು ಕೂತೆ. ಮೊದಲ ಹಾಡಿನಲ್ಲಿ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಆಕೆ ಮೈಕು ದೂರ ಹಿಡಿದಾಗ ಅವನು ಏನನ್ನೂ ಮುಟ್ಟಲಿಲ್ಲ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದೆ.

"ಅವ್ರ ಮಿಕ್ಸರ್ ದೊಡ್ದು ಮಾ," ಎಂದು ಇವರು ಮೆಲ್ಲಗೆ ಅಂದರು.

"ನಾನೇನಾದ್ರೂ ಅಂದ್ನಾ?"

ಕಾರ್ಯಕ್ರಮ ಪೂರ್ತಿ ಮುಗಿಯುವ ಮುಂಚೆಯೇ ಎದ್ದು ಬಂದೆವು. ಬಂಗಾರಪೇಟೆಯಲ್ಲಿ ಬಸ್ಸಿಳಿದು, ಗಾಡಿಯ ಮುಂದೆ ನಿಂತು ಪಾನಿಪುರಿ ತಿನ್ನುತ್ತಿದ್ದಾಗ ಆಕೆಯ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಹಿಂದೆ ಕುರ್ಚಿಗಳನ್ನು ಎತ್ತಿಡುವ ಸದ್ದು ಕೇಳುತ್ತಿತ್ತು.

"ಅಕ್ಕ, ಯಾಕೆ ಏಳ್ದೇ ಓದ್ರಿ? ಎಂಗಿತ್ತು? ನಿಜ ಏಳಿ."

ಇವರು ಪುರಿ ಬಾಯಿಗಿಡದೆ ನನ್ನನ್ನೇ ನೋಡುತ್ತಿದ್ದರು.

"ನೀನು ಚೆನ್ನಾಗಾಡ್ದೆ," ಅಂದೆ. "ಆದ್ರೆ ನಿನ್ನ ದನಿಗೆ ಲೋ ಒಂಚೂರು ಜಾಸ್ತಿ ಆಗಿತ್ತು."

ಆಗಿರಲಿಲ್ಲ.

"ಔದಾ ಅಕ್ಕ? ನಂಗೆ ಗೊತ್ತೇ ಆಗ್ಲಿಲ್ಲ. ನಾಳೆ ಅವ್ರಿಗೆ ಏಳ್ತೀನಿ," ಎಂದಳು ಆಕೆ, ಪೂರ್ತಿ ನಂಬಿ.

"ಏಳು," ಎಂದು ಫೋನಿಟ್ಟು, ಗಾಡಿಯವನಿಗೆ ಇನ್ನೊಂದು ಪ್ಲೇಟ್ ಹಾಕಲು ಹೇಳಿದೆ. ಇವರು ತಮ್ಮ ಪ್ಲೇಟನ್ನೂ ಮುಂದಕ್ಕೆ ಚಾಚಿದರು.